ಕಾಕಾನ ಮನೆಯಲ್ಲಿ ರಾಕ್ಷಸರು ಸಾಯುವುದಿಲ್ಲ

ನಮ್ಮ ಕಾಕಾನ ಮನೆಯಲ್ಲಿ ನಾನು ಕಂಡ ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ರಾಕ್ಷಸನೂ ಸತ್ತಿಲ್ಲ! ನಗಬೇಡಿ. ದೆವ್ವಗಳ ಹಬ್ಬವಾದ ಹ್ಯಾಲೋವೀನ್ ವಾರದಲ್ಲಿ, ಪರದೇಶದ ಬ್ರ್ಯಾಂಪ್ಟನ್ನಿನ ಆ ಬೇಸ್‌ಮೆಂಟಿನಲ್ಲಿ ಕುಳಿತು ಬಂದವರಿಗೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಗೋರಿಯಿಂದ ಎದ್ದ ಹೆಣ, ಕೆಸರಿನಿಂದ ಮೇಲೆ ಬಂದ ಪಾಚಿಮೈಯವನು, ಮನೆಯಷ್ಟು ಎತ್ತರದ ಜೇಡ, ಹಿಮದಲ್ಲಿ ಕೆಟ್ಟು ನಿಂತ ಹಾರುವ ತಟ್ಟೆಯಿಂದ ಇಳಿದ ಮೂರು ಕಣ್ಣಿನ ಜೀವಿ, ಎಲ್ಲವೂ ಅಲ್ಲಿಗೆ ಬಂದು ಹೋದವು. ಒಂದೂ ಸಾಯಲಿಲ್ಲ. ಸಾಯಲು ಕಾಕಾ ಬಿಟ್ಟರೆ ತಾನೆ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಅಪ್ಪಟ ಧಾರವಾಡದವನು. ಹಗಲೆಲ್ಲ ಗೋದಾಮಿನಲ್ಲಿ ನಿಂತು ಲಾರಿಗಳಿಗೆ ಸಾಮಾನು ತುಂಬಿಸುವ ಗಂಭೀರ ಮನುಷ್ಯ. ತೊಂಬತ್ತರ ದಶಕದ ನಡುವೆ ನಾನು ಮಾರ್ಕಮ್‌ನಲ್ಲಿ ಕಂಪ್ಯೂಟರ್ ಕೆಲಸ ಹಿಡಿದು ಬಂದಾಗ, ನನ್ನದೇ ಒಂದು ಕೋಣೆ ಸಿಗುವ ತನಕ ಕಾಕಾ ಮತ್ತು ಅವನ ಹೆಂಡತಿ ಕಾಕುವಿನ ಜೊತೆಗೇ ಇದ್ದೆ; ಅಣ್ಣನ ಮಗಳಾದ ನನ್ನನ್ನು ಇಬ್ಬರೂ ಮುದ್ದಿನಿಂದ ‘ತಂಗೀ’ ಎನ್ನುತ್ತಿದ್ದರು. ನಾನು ಬಂದದ್ದು ಅಕ್ಟೋಬರಿನಲ್ಲಿ, ಹ್ಯಾಲೋವೀನಿನ ತಿಂಗಳಲ್ಲೇ. ನನ್ನ ಗ್ರಹಚಾರ, ಮತ್ತೇನು!

ಮೊದಲ ಹ್ಯಾಲೋವೀನ್ ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಸಂಜೆ ಐದೂವರೆಗೇ ಕತ್ತಲು. ಬೇಸ್‌ಮೆಂಟಿನ ಮೂಲೆಯಲ್ಲಿ ಮನೆ ಬಿಸಿ ಮಾಡುವ ಫರ್ನೇಸು ಜ್ವರ ಬಂದವರ ಹಾಗೆ ನರಳುತ್ತಿತ್ತು. ಗೋಡೆಯ ಮೇಲ್ತುದಿಯ ಸಣ್ಣ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿದ್ದುದರಿಂದ ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ, ಬರೀ ಕಾಲು! ವೇಷ ಹಾಕಿಕೊಂಡು ಕ್ಯಾಂಡಿ ಕೇಳಲು ಬರುವ ಮಕ್ಕಳ ಕಾಲು ಎಂದು ಗೊತ್ತಿದ್ದರೂ, ಅವು ಸದ್ದಿಲ್ಲದೆ ಬಂದು, ನಿಂತು, ಹೋಗುವುದನ್ನು ನೋಡಿದರೆ ಬಾಯಿ ಒಣಗುತ್ತಿತ್ತು. ಟೀವಿಯಲ್ಲಿ ಕಪ್ಪು-ಬಿಳುಪು ಸಿನಿಮಾ. ಗೋರಿಯ ಕಲ್ಲು ನಿಧಾನವಾಗಿ ಸರಿಯಿತು. ಪಟ್ಟಿ ಸುತ್ತಿದ ಒಂದು ಕೈ ಹೊರಗೆ ಬಂತು. ಆದರೆ ಸೌಂಡೇ ಇಲ್ಲ! ಆಗ ನನ್ನ ಬೆನ್ನ ಹಿಂದೆಯೇ ಒಂದು ಒಡಕು ದನಿ ಎದ್ದಿತು.

“ಯಕ್ಕಾ... ಬಾಗಲಾ ತಗೀರಿ... ಮೂರು ಸಾವಿರ ವರ್ಷಾತು... ಒಂದ್ ತುತ್ತು ರೊಟ್ಟಿ ತಿಂದಿಲ್ಲ...”

ನಾನು ಚೀರಿದ ಚೀರಿಗೆ ಕಿಟಕಿಯ ಕಾಲುಗಳೆಲ್ಲ ಓಡಿಹೋದವು. ಮಾತಾಡಿದ್ದು ಕಾಕಾ! ಸೌಂಡ್ ಬಂದ್ ಮಾಡಿ, ಇಡೀ ಸಿನಿಮಾಕ್ಕೆ ತಾನೊಬ್ಬನೇ ಧಾರವಾಡದ ಕನ್ನಡ ತುಂಬುವುದು ಅವನ ಪದ್ಧತಿ. ಹೀರೋ ಅವನೇ, ಹೆಣವೂ ಅವನೇ, ಮೂರ್ಛೆ ಹೋಗುವ ಹೀರೋಯಿನ್ನೂ ಅವನೇ. ಪಕ್ಕದಲ್ಲಿ ಕುಳಿತ ಕಾಕು ಬದನೆಕಾಯಿ ಹೆಚ್ಚುತ್ತ, “ಪಾಪ, ರೊಟ್ಟಿ ಕೊಡಬಾರದೇನ ಅಕಿ” ಎಂದು ಹೀರೋಯಿನ್ನಿಗೆ ಬೈಯುತ್ತಿದ್ದಳು.

ಕೊನೆಗೆ ಪಂಜು ಹಿಡಿದ ಜನ ಹೆಣವನ್ನು ಸುತ್ತುವರಿದರು. ಟಕ್! ಕಾಕಾ ಟೇಪ್ ನಿಲ್ಲಿಸಿದ.

“ಮುಂದ ಏನಾತು ಕಾಕಾ?”

“ಏನಾಗತೈತಿ? ಮನಿಗೆ ಹೋತು.”

“ಅದರ ಮನಿ ಗೋರಿ ಅಲ್ಲೇನು?”

“ಯಾರ ಮನಿ ಹೆಂಗಿದ್ರ ನಿನಗ್ಯಾಕ ತಂಗೀ? ಊಟಕ್ಕ ಏಳು.”

ಆ ಮನೆಯಲ್ಲಿ ಯಾವುದು ದೆವ್ವ, ಯಾವುದು ಅಲ್ಲ ಎಂಬುದು ಅಕ್ಕಪಕ್ಕದವರಿಗೂ ಬಗೆಹರಿಯುತ್ತಿರಲಿಲ್ಲ. ಮನೆ ಕೊಂಡಾಗ ನಮ್ಮವರ ಅಂಗಡಿಗಳಿರುವ ಜೆರಾರ್ಡ್ ಬಜಾರಿನಲ್ಲಿ ಹುಡುಕಿ ತಂದ ದೃಷ್ಟಿಬೊಂಬೆಯೊಂದು ಬಾಗಿಲ ಮೇಲೆ ತೂಗುತ್ತಿತ್ತು. ಕೋರೆಹಲ್ಲು, ಗಿರಿಜಾ ಮೀಸೆ, ಹೊರಬಿದ್ದ ನಾಲಿಗೆ! ಹ್ಯಾಲೋವೀನಿನಲ್ಲಿ ಬೀದಿಯವರೆಲ್ಲ ಮೆಚ್ಚಿದರು. ಜನವರಿಯಲ್ಲೂ ಅದು ಅಲ್ಲೇ ಹಲ್ಲು ಕಿರಿಯುತ್ತಿದ್ದಾಗ ಪಕ್ಕದ ಮನೆಯ ಮುದುಕಿ ಮೆಲ್ಲಗೆ ಬಂದು, ಇದನ್ನು ಯಾವಾಗ ಇಳಿಸುತ್ತೀರಿ ಎಂದು ಕೇಳಿದಳು. ಕಾಕಾ ಎದೆಯುಬ್ಬಿಸಿ ಹೇಳಿದ: “ದಟ್ ಈಸ್ ನಾಟ್ ಗೋಸ್ಟ್, ಮ್ಯಾಡಮ್. ದಟ್ ಈಸ್ ವಾಚ್‌ಮನ್!”

ಮರುವರ್ಷ ಆಕೆಯೇ ಕಣ್ಣು, ಮೂಗು, ಬಾಯಿ ಕೊರೆದ ದೊಡ್ಡ ಕುಂಬಳಕಾಯಿಯನ್ನು ಉಡುಗೊರೆ ತಂದುಕೊಟ್ಟಳು. ಒಳಗೆ ದೀಪವಿಟ್ಟು ಬಾಗಿಲಲ್ಲಿ ಇಡಬೇಕು ಎಂಬುದು ಕಾಕುಗೆ ಹೇಗೆ ಗೊತ್ತಾಗಬೇಕು? “ಹುಳಾ ಹತ್ತಿದ್ದೆಲ್ಲಾ ಕೊರದ ತಗದು ಕೊಟ್ಟಾಳ ನೋಡು, ಎಷ್ಟ ಚಲೋ ಹೆಂಗಸು!” ಎಂದು ಮೆಚ್ಚಿಕೊಂಡು, ಅಷ್ಟನ್ನೂ ತುರಿದು, ಬೆಲ್ಲ ಹಾಕಿ ಗಾರಿಗೆ ಕರಿದಳು. ಒಂದು ತಟ್ಟೆ ಪಕ್ಕದ ಮನೆಗೂ ಹೋಯಿತು. ಮುದುಕಿ ರುಚಿಯಿಂದ ತಿನ್ನುತ್ತ, ನನ್ನ ಕುಂಬಳಕಾಯಿ ಎಲ್ಲಿಟ್ಟಿರಿ ಎಂದಳು. ಕಾಕು ನಾಚಿಕೊಂಡು ಆಕೆಯ ಹೊಟ್ಟೆ ತೋರಿಸಿದಳು!

ನಾನು ಬೇರೆ ಕೋಣೆ ಹಿಡಿದ ಮೇಲೂ ಪ್ರತಿ ಹ್ಯಾಲೋವೀನಿಗೆ ಹೋಗುತ್ತಿದ್ದೆ. ಆದರೆ ನಾಲ್ಕು ವರ್ಷ ಒಂದು ಸಿನಿಮಾದ ಕೊನೆಯನ್ನೂ ನೋಡದೆ ಇರುವುದೆಂದರೆ ಹುಡುಗಾಟವೇ? ತಲೆ ಕೆಟ್ಟುಹೋಗಿತ್ತು. ಐದನೆಯ ವರ್ಷ ಹಟ ಹಿಡಿದು, ಆ ಮೂರು ಕಣ್ಣಿನ ಜೀವಿಯ ಸಿನಿಮಾವನ್ನೇ ವೀಡಿಯೊ ಅಂಗಡಿಯಿಂದ ತಂದೆ. “ಇವತ್ತ ಕಡೀತನಕ ನೋಡೂದ, ಕಾಕಾ ಏನ ಮಾಡ್ತಾನ ನೋಡೇಬಿಡೂಣು!” ಎಂದು ಅಡುಗೆಮನೆಯಲ್ಲಿ ಕಾಕುಗೆ ಹೇಳಿದೆ. ಕಾಕು ಲಟ್ಟಣಿಗೆ ಕೆಳಗಿಟ್ಟಳು.

“ಬ್ಯಾಡ ತಂಗೀ. ಅದನ್ನ ನಾ ಒಮ್ಮೆ ನೋಡೇನಿ.”

ಆಮೇಲೆ ಅವಳು ಹೇಳಿದ್ದಿಷ್ಟು. “ನಾ ಈ ದೇಶಕ್ಕ ಬಂದ ಹೊಸದಾಗ ನನಗ ಇಂಗ್ಲಿಷಿನ ಒಂದಕ್ಷರ ಬರ್ತಿರಲಿಲ್ಲ. ಒಂದಿನಾ ಟೀವ್ಯಾಗ ಈ ಸಿನಿಮಾ ಬಂತು. ಅದು ಪಾಪ ಹಿಮದಾಗ ನಿಂತು ಏನೋ ಹೇಳಾಕ ಬಾಯಿ ತಗೀತಿತ್ತು. ಬರೇ ಹೂಂ, ಹೂಂ. ಯಾರಿಗೂ ತಿಳೀಲಿಲ್ಲ. ಸುಟ್ಟಬಿಟ್ರು. ಅಂಗಡ್ಯಾಗ ನಾ ಬಾಯಿ ತಗದ್ರೂ ಜನ ಹಂಗ ನೋಡ್ತಿದ್ರು ತಂಗೀ. ಎಂಟು ದಿನ ನಾ ಹೊಸ್ತಿಲಾ ದಾಟಲಿಲ್ಲ. ನನ್ನ ಊರಿಗೆ ಕಳಸಿಬಿಡ್ರಿ ಅಂತ ಅತ್ತೆ.”

“ಕಾಕಾ ಏನ ಮಾಡಿದ?”

“ಮತ್ತೊಮ್ಮೆ ಅದ ಸಿನಿಮಾ ಬಂದಾಗ ಟೇಪ್ ಮಾಡಿಕೊಂಡು, ಸೌಂಡ್ ಬಂದ್ ಮಾಡಿ ಹಾಕಿದ್ರು. ಅದು ಬಾಯಿ ತಗೀತು. ‘ನಾ ಧಾರವಾಡದಾಂವ್ರೀ, ದಾರಿ ತಪ್ಪಿ ಬಂದೀನಿ, ಒಂಚೂರು ಕುಂದ್ರಾಕ ಜಾಗಾ ಕೊಡ್ರಿ’ ಅಂತು! ನಾ ನಕ್ಕೆ. ಮರುದಿನಾ ಇಬ್ಬರೂ ಕೂಡಿ ಅಂಗಡಿಗೆ ಹೋದ್ವಿ.”

ನಾನು ತಂದ ಟೇಪು ಚೀಲದಲ್ಲೇ ಉಳಿಯಿತು. ಮರುದಿನ ನೋಡದೆ ವಾಪಸು ಕೊಟ್ಟೆ.

ಅದಾಗಿ ಕೆಲವು ವರ್ಷಗಳಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ಹೋಯಿತು. ಹೆಣದಿಂದ ಹಿಡಿದು ಹೀರೋಯಿನ್ ತನಕ ಎಲ್ಲರಿಗೂ ದನಿಯಾಗಿದ್ದವನ ಗಂಟಲಲ್ಲಿ ಬರೀ ಹೂಂ, ಹೂಂ ಉಳಿಯಿತು. ಮಾತು ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಕಾಕಾ ಯಾರು ಬಂದರೂ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ನನಗೆ ತುಂಬ ಸಂಕಟವಾಗುತ್ತಿತ್ತು.

ಆ ಅಕ್ಟೋಬರಿನಲ್ಲಿ ಕಾಕುವೇ ಫೋನ್ ಮಾಡಿದಳು. “ಹ್ಯಾಲೋವೀನಕ್ಕ ಬಾ ತಂಗೀ. ತಪ್ಪಿಸಬ್ಯಾಡ.”

ನಾನು ಹೋದಾಗ ಮೇಲಿನ ಮನೆಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿಳಿಯುತ್ತಿದ್ದಂತೆ ಕೆಳಗಿನ ಕತ್ತಲಿನಿಂದ ಒಂದು ಸದ್ದು ಬಂತು. ಹೂಂ... ಹೂಂ... ಮನುಷ್ಯರದೆಂದು ಹೇಳಲಾಗದ ಸದ್ದು. ಕಿಟಕಿಯಲ್ಲಿ ಎರಡು ಪುಟ್ಟ ಕಾಲು ಅಲುಗಾಡದೆ ನಿಂತಿದ್ದವು. ನನ್ನ ಕಾಲೂ ಅಲ್ಲೇ ಹೂತುಹೋಯಿತು. ಟೀವಿಯ ಬೆಳಕಿನಲ್ಲಿ ಕಾಕಾನ ಮುಖ ಕಂಡಿತು. ಗೋದಾಮಿನ ಇಬ್ಬರು ಗೆಳೆಯರು ಅವನನ್ನು ಹಿಡಿದು ಇಳಿಸಿ ಕೂರಿಸಿ ಹೋಗಿದ್ದರಂತೆ. ಪರದೆಯ ಮೇಲೆ ಮೂರು ಕಣ್ಣಿನ ಜೀವಿ ಹಿಮದಲ್ಲಿ ನಿಂತು ಬಾಯಿ ತೆರೆದಿತ್ತು. ಅದಕ್ಕೆ ಮಾತು ಕೊಡಲು ಕಾಕಾ ಒದ್ದಾಡುತ್ತಿದ್ದ. ಕಣ್ಣಲ್ಲಿ ನೀರು.

ಆಗ ಪಕ್ಕದಲ್ಲಿ ಕುಳಿತಿದ್ದ ಕಾಕು ದನಿ ಎತ್ತರಿಸಿದಳು. ಥೇಟ್ ಗಂಡಸಿನ ದನಿ!

“ನಾ ಧಾರವಾಡದಾಂವ್ರೀ! ದಾರಿ ತಪ್ಪಿ ಬಂದೀನಿ! ಒಂಚೂರು ಕುಂದ್ರಾಕ ಜಾಗಾ ಕೊಡ್ರಿ!”

ಕಾಕಾ ಅವಳ ಕಡೆ ತಿರುಗಿದ. ಅವನ ಅರ್ಧ ಮುಖ ನಕ್ಕಿತು. ಕಾಕು ಬಿಡಲಿಲ್ಲ, ಹೀರೋ, ಪೊಲೀಸ್, ನಾಯಿ, ಎಲ್ಲರ ಮಾತನ್ನೂ ಒಂದೂ ತಪ್ಪದೆ ಆಡಿದಳು. ಪಂಜು ಹಿಡಿದ ಜನ ಬಂದರು. ಕಾಕಾನ ಎಡಗೈ ತೊಡೆಯ ಮೇಲಿದ್ದ ರಿಮೋಟನ್ನು ತಡಕಿತು, ರಿಮೋಟು ಜಾರಿ ಕೆಳಗೆ ಬಿತ್ತು. ಬೆಂಕಿ ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ನಾನು ಕಾದಿದ್ದ ಕೊನೆ ಇನ್ನೇನು ಕಣ್ಣ ಮುಂದೆ! ನಾನು ಓಡಿಹೋಗಿ ಟೀವಿಯನ್ನೇ ಆರಿಸಿಬಿಟ್ಟೆ.

ಕತ್ತಲಾಯಿತು. ಫರ್ನೇಸು ಮಾತ್ರ ನರಳುತ್ತಿತ್ತು. “ಮುಂದ ಏನಾತು ಕಾಕಾ?” ಎಂದು ಅಭ್ಯಾಸಬಲದಿಂದ ಕೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡೆ. ಕಾಕು ಉತ್ತರವನ್ನು ಅವನಿಗೇ ಬಿಟ್ಟಳು. ಅವನ ಕೈ ಹಿಡಿದು ಕಾದಳು. ನಾನೂ ಕಾದೆ.

“ಮ...” ಎಂದ ಕಾಕಾ. “ಮ... ಮನಿ.”