ನಮ್ಮ ಮನೆಯ ನೂರು ಎಷ್ಟು?

ನೋಡಿ, ಮತ್ತೆ ಎಣಿಕೆ ತಪ್ಪಿತು! ಅರವತ್ತೆಂಟರವರೆಗೆ ಬಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಕಿಟಕಿಯಲ್ಲಿ ತಲೆ ಹಾಕಿ, "ಏನ್ ಮಾಡಾಕತ್ತೀ ಬೇ?" ಅಂದರು.

"ರೊಟ್ಟಿ ಎಣಸಾಕತ್ತೇನ್ರಿ ಕಾಕು."

"ಎಷ್ಟಾದ್ವು?"

"ನೀವು ಬರೂಕಿಂತ ಮೊದಲ ಅರವತ್ತೆಂಟು ಆಗಿದ್ವು. ಈಗ ಒಂದೂ ಇಲ್ಲ."

ಹೆಂಗಸರು ಸುಮ್ಮನೆ ಗೋಡೆಗೆ ಒರಗಿ ಕೂತಿದ್ದಾಗ ಯಾರೂ ಮಾತಾಡಿಸುವುದಿಲ್ಲ. ಎಣಿಸಲು ಕೂತರೆ ಸಾಕು, ಇಡೀ ಓಣಿಗೆ ನೆನಪು ಬರುತ್ತದೆ. ಹಾಲಿನವನು ಬರುತ್ತಾನೆ, ತವರಿನಿಂದ ಫೋನ್ ಬರುತ್ತದೆ, ಮಗಳಿಗೆ ನೀರಡಿಕೆ ಆಗುತ್ತದೆ, ಗಂಡನಿಗೆ ಕಾಲುಚೀಲ ಸಿಗುವುದಿಲ್ಲ. ಎಣಿಕೆ ಅನ್ನುವುದು ನಮ್ಮ ಮನೆಯಲ್ಲಿ ಎಂದೂ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಮುಗಿದರೂ ಇಬ್ಬರಿಗೆ ಒಂದೇ ಉತ್ತರ ಬಂದದ್ದಿಲ್ಲ. ಅದಕ್ಕೇ ಇಂಥ ಪ್ರಸಂಗಗಳು ನಿಲ್ಲುವುದೂ ಇಲ್ಲ.

ನಾವಿರುವುದು ವಿಜಯಪುರದಲ್ಲಿ. ನಾನು ಮನೆಯಲ್ಲೇ ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮುಂಜಿಗಳಿಗೆ ಕೊಡುತ್ತೇನೆ. ಗಂಡ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾನೆ. ಅತ್ತೆ ಮಮದಾಪುರದವರು, ರೊಟ್ಟಿ ಬಡಿಯುವುದರಲ್ಲಿ ನನಗೆ ಗುರು, ಎಣಿಸುವುದರಲ್ಲಿ ವೈರಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಪಾಸಾಗಿದ್ದೇನೆ. ಆದರೆ ಈ ಮನೆಯ ಗಣಿತ ಆ ಪುಸ್ತಕದಲ್ಲಿ ಇರಲಿಲ್ಲ.

ಎಂಟು ಡಜನ್

ಅತ್ತೆ ರೊಟ್ಟಿಯನ್ನು ಒಂದೊಂದಾಗಿ ಎಣಿಸುವುದಿಲ್ಲ. ಐದೈದು ಹಿಡಿದು ಇಡುತ್ತಾರೆ. ಐದಕ್ಕೆ ಒಂದು ಕೈ. ಇಪ್ಪತ್ತು ಕೈ ಆದರೆ ಒಂದು ನೂರು. ನೂರು ಆಯಿತೆಂದರೆ ಅದರ ಮೇಲೆ ಇನ್ನೊಂದು ಕೈ ಕೊಸರು, ಅಂದರೆ ಲೆಕ್ಕಕ್ಕೆ ಸೇರದೆ ಪ್ರೀತಿಗೆ ಹಾಕುವ ಹೆಚ್ಚಿನ ಐದು. ಕೊಸರಿಲ್ಲದೆ ಕೊಟ್ಟ ಮನೆ ಮನೆಯೇ ಅಲ್ಲ ಅನ್ನುವುದು ಅವರ ನಂಬಿಕೆ.

ಹೊಸ ಖಾನಾವಳಿಯವನೊಬ್ಬ ಮೊದಲ ಸಲ ಎಂಟು ಡಜನ್ ಹೇಳಿದ್ದ. ನಾನು ತೊಂಬತ್ತಾರು ಎಣಿಸಿ ಕಟ್ಟಿಟ್ಟೆ. ಅತ್ತೆ ಬಂದು ಗಂಟು ಬಿಚ್ಚಿದರು. ತಮ್ಮ ರೀತಿಯಲ್ಲಿ ಎಣಿಸಿದರು.

"ಹತ್ತೊಂಬತ್ತು ಕೈ ಆಗಿ ಒಂದು ಉಳೀತದ. ಇದೇನ ಬೇ, ಒಂಟಿ ರೊಟ್ಟಿ?"

"ಎಂಟು ಡಜನ್ ಅಂದ್ರ ಅಷ್ಟರಿ ಅತ್ತಿ."

"ಡಜನ್ ಏನರ ಇರಲಿ, ಅರ್ಧ ಕೈ ಕೊಡಬಾರದು. ಕೈ ತುಂಬಸು."

ಕೈ ತುಂಬಿಸಿದೆ. ನೂರಾಯಿತು. ನೂರಾದದ್ದನ್ನು ನೋಡಿ ಅತ್ತೆಯ ಕಣ್ಣು ಮಿಂಚಿತು.

"ನೂರ ಆತಲ್ಲ? ಮತ್ತ ಕೊಸರ?"

ಅದನ್ನೂ ಹಾಕಿದೆ. ಒಂಬತ್ತು ರೊಟ್ಟಿ ಪುಕ್ಕಟೆ ಹೋದವು, ಹೋಗಲಿ, ಹೊಸ ಗಿರಾಕಿ ಖುಷಿಯಾಗುತ್ತಾನೆ ಅಂದುಕೊಂಡೆ. ಅವನು ಎಣಿಸುವುದು ಡಜನ್ನಿನಲ್ಲಿ. ಮಧ್ಯಾಹ್ನ ಫೋನ್ ಬಂತು. ದನಿ ಬಹಳ ಗಂಭೀರವಾಗಿತ್ತು.

"ಅಕ್ಕಾರ, ಮೊದಲನೇ ಸಲಕ್ಕ ಹಿಂಗ ಮಾಡಿದ್ರ ಹೆಂಗ್ರಿ? ಒಂಬತ್ತು ಡಜನ್ನಕ್ಕ ಮೂರು ಕಡಿಮಿ ಬಂದಾವಲ್ರಿ!"

ತಿಕೋಟಾ ಸಂತೆಯ ಲಿಂಬೆ

ಅತ್ತೆಯನ್ನು ಮೀರಿಸುವವರು ಒಬ್ಬರೇ ಇದ್ದಾರೆ, ನನ್ನ ಹಡೆದವ್ವ. ಅವಳು ಹೊನವಾಡದಲ್ಲಿರುತ್ತಾಳೆ. ಒಮ್ಮೆ ತವರಿಗೆ ಹೋದಾಗ ಉಪ್ಪಿನಕಾಯಿಗೆಂದು ಇಬ್ಬರೂ ತಿಕೋಟಾ ಸಂತೆಗೆ ಹೋದೆವು. ಅವ್ವ ಒಂದು ಡಜನ್ ಲಿಂಬೆ ಆರಿಸಿ ಸೆರಗಿಗೆ ಹಾಕಿಕೊಂಡು ಮಾರುವವನ ಮುಂದೆ ಕೈ ಚಾಚಿದಳು.

"ಕೊಸರ ಹಾಕೋ ತಮ್ಮಾ."

"ಡಜನ್ನಕ್ಕ ಕೊಸರ ಇಲ್ಲ ಯವ್ವಾ. ನೂರಕ್ಕ ಐದು."

"ನೂರಕ್ಕ ಐದಂದ್ರ ಇಪ್ಪತ್ತಕ್ಕ ಒಂದು ಆತಲ್ಲ?"

"ಆತು."

"ಹಂಗಾರ ಹನ್ನೆರಡಕ್ಕ ಅರ್ಧದ ಮ್ಯಾಲ ಆತಲ್ಲ?"

ಅವನು ಪಾಪ, ಒಳ್ಳೆಯ ಮನುಷ್ಯ. ಯೋಚಿಸಿ, "ಆತು. ಆದ್ರ ಅರ್ಧ ಲಿಂಬಿ ಹೆಂಗ ಕೊಡಲಿ?" ಅಂದ. ಅಲ್ಲಿಗೆ ಸೋತ.

"ಅರ್ಧ ಯಾಕ ಕೊಡ್ತಿ? ಇಡೀದ ಕೊಡು. ಇಪ್ಪತ್ತಕ್ಕ ಉಳದ ಎಂಟು ಲಿಂಬಿ ಮುಂದಿನ ಸಂತಿಗೆ ತಗೋತೇನಿ."

ಅವನು ಕೊಟ್ಟ. ಮುಂದಿನ ಸಂತೆಗೂ ನಾನು ತವರಿನಲ್ಲೇ ಇದ್ದೆ, ಆದ್ದರಿಂದ ಇದಕ್ಕೂ ನಾನೇ ಸಾಕ್ಷಿ. ಅವ್ವ ನುಡಿದಂತೆ ನಡೆದಳು. ಅವನ ಮುಂದೆ ಕೂತು ಎಂಟು ಲಿಂಬೆ ಆರಿಸಿದಳು, ಸೆರಗಿಗೆ ಹಾಕಿಕೊಂಡಳು, ಮತ್ತೆ ಕೈ ಚಾಚಿದಳು.

"ಕೊಸರ?"

ಅವನು ಎದ್ದು ನಿಂತುಬಿಟ್ಟ. "ಯವ್ವಾ, ಇಪ್ಪತ್ತರ ಕೊಸರ ಹೋದ ಸಂತ್ಯಾಗನ ಕೊಟ್ಟೇನಲ್ಲ!"

ಅವ್ವ ಅವನನ್ನು ಕರುಣೆಯಿಂದ ನೋಡಿದಳು. "ಅದು ಹೋದ ಸಂತೀದು. ಈ ಸಂತೀದು ನೀ ಎಲ್ಲಿ ಕೊಟ್ಟಿ?"

ಬಳೆಗಾರತಿಯ ಡಜನ್

ಪಂಚಮಿಗೆ ನಮ್ಮ ಓಣಿಗೆ ಬಳೆಗಾರತಿ ಬರುತ್ತಾಳೆ. ಕಟ್ಟೆಯ ಮೇಲೆ ಕೂತು ನಾನು ಎರಡೂ ಕೈ ಮುಂದೆ ಮಾಡಿ, "ಎರಡು ಡಜನ್ ಹಾಕ್ರಿ" ಅಂದೆ. ಒಂದು ಕೈಗೆ ಹನ್ನೆರಡು ಹಾಕಿದಳು. ಇನ್ನೊಂದು ಕೈಗೆ ಹಾಕುವಾಗ ಹನ್ನೆರಡಕ್ಕೆ ನಿಲ್ಲಲಿಲ್ಲ.

"ಹದಿಮೂರಾದ್ವಲ್ರಿ," ಅಂದೆ.

"ಎರಡೂ ಕೈಗೆ ಸಮ ಹಾಕಬಾರದು ತಂಗಿ. ಮುತ್ತೈದಿ ಕೈಗೆ ಒಂದು ಹೆಚ್ಚಿರಬೇಕು."

"ಇರಲ್ರಿ. ಆದ್ರ ಇದು ಎರಡು ಡಜನ್ ಆಗಲಿಲ್ಲ, ಎರಡು ಡಜನ್ ಮ್ಯಾಲ ಒಂದು."

"ಎರಡ ಡಜನ್ನ ಆತು."

"ಇಪ್ಪತ್ತೈದು ಎರಡು ಡಜನ್ ಹೆಂಗಾಗ್ತದ? ಡಜನ್ ಅಂದ್ರ ಹನ್ನೆರಡು. ನಾ ಸಾಲ್ಯಾಗ ಕಲತೇನಿ."

ನನ್ನ ಕೈಯನ್ನು ಹಾಗೇ ಹಿಡಿದುಕೊಂಡು, ಪಾಪದ ಮಗುವಿಗೆ ಹೇಳುವಂತೆ ಅವಳು ಹೇಳಿದಳು:

"ಅದು ಬಾಳಿಹಣ್ಣಿನ ಡಜನ್ ತಂಗಿ."

ಒಂದು ಎಲ್ಲಿ ಹೋಯಿತು?

ಕಾಳು ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಹಾಗೆ ಅಂದರೆ ರಾಶಿ ಹೆಚ್ಚುತ್ತದಂತೆ. ಅತ್ತೆ ಜೋಳಕ್ಕಷ್ಟೇ ಅಲ್ಲ, ರೊಟ್ಟಿಗೂ, ಒಗೆದ ಬಟ್ಟೆಗೂ, ಮೊಮ್ಮಗಳ ಜಡೆಯ ಕಾಲಿಗೂ ಹಾಗೇ ಎಣಿಸುವುದು. ಮೊಮ್ಮಗಳೂ ಹಾಗೇ ಕಲಿತಳು. ಅದು ನನಗೆ ಗೊತ್ತಾದದ್ದು ಅವಳನ್ನು ಶಾಲೆಗೆ ಹಾಕಿದ ಮೇಲೆ, ಟೀಚರ್ ನನ್ನನ್ನು ಕರೆಸಿದಾಗ.

"ನಿಮ್ಮ ಮಗಳು ಶಾಣ್ಯಾ ಇದ್ದಾಳ್ರಿ. ನೂರರ ತನಕ ಎಣಸ್ತಾಳ. ಆದ್ರ ಒಂದು ಅಂತ ಅನ್ನೂದಿಲ್ಲ. ಲಾಭ ಅಂತಾಳ. ಬೋರ್ಡಿನ ಮ್ಯಾಲೆ ಒಂದು ಬರದು ತೋರಿಸಿದ್ರೂ ಲಾಭ ಅಂತಾಳ."

ನಾನು ಮಗಳನ್ನು ಗದರಿಸಿದೆ. "ಒಂದು ಅನ್ನಾಕ ಏನಾಗೇತಿ ನಿನಗ?"

"ಒಂದು ಅಂದ್ರ ಮನ್ಯಾಗಿಂದು ಖಾಲಿ ಆಗ್ತದಂತ. ಆಯಿ ಹೇಳ್ಯಾಳ," ಅಂದಳು ಮಗಳು. ಆಯಿ ಅಂದರೆ ಅಜ್ಜಿ, ನನ್ನ ಅತ್ತೆ.

ಟೀಚರ್ ಮೂಢನಂಬಿಕೆಯ ಬಗ್ಗೆ ನನಗೆ ಚೆನ್ನಾಗಿ ತಿಳಿಸಿ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಆಮೇಲೆ ಒಂದು ದಿನ ಮಗಳನ್ನು ಕರೆದುಕೊಂಡು ಜೋಳ ತರಲು ಹೋದರೆ ಅದೇ ಅಂಗಡಿಯಲ್ಲಿ ಟೀಚರ್ ನಿಂತಿದ್ದರು. ಅಂಗಡಿಗೆ ಹೊಸದಾಗಿ ಸೇರಿದ ಆಳು ಸೇರು ತುಂಬಿ ಅವರ ಚೀಲಕ್ಕೆ ಸುರಿಯುತ್ತ "ಒಂದು" ಅಂದ.

ಟೀಚರ್ ಚೀಲದ ಬಾಯಿ ಮುಚ್ಚಿಬಿಟ್ಟರು. "ಏ, ಏ, ತಡಿ! ಹಂಗನ್ನಬ್ಯಾಡ, ವಾಪಸ್ ಸುರುವು. ಹೊಳ್ಳಿ ಮೊದಲಿಂದ ಅಳಿ!"

ಹೇಳಿದ ಮೇಲೆ ನನ್ನನ್ನು ನೋಡಿದರು. ನನ್ನ ಮಗಳು ಅಂದಳು, "ಟೀಚರ್ ಶಾಣ್ಯಾ ಆಗ್ಯಾರ ನೋಡವ್ವಾ."

ನಿಡೋಣಿಯ ಬುತ್ತಿ

ಇದೆಲ್ಲಕ್ಕೂ ಕಳಸ ಇಟ್ಟದ್ದು ನಾದಿನಿಯ ಕುಬಸ, ಅಂದರೆ ಸೀಮಂತ.

ನಾದಿನಿಯನ್ನು ಕೊಟ್ಟದ್ದು ಬಬಲೇಶ್ವರದಾಚೆ ನಿಡೋಣಿಗೆ. ಅವಳ ಗಂಡನ ಮನೆಯಲ್ಲಿ ಒಬ್ಬ ಹಿರಿಯ ಅಜ್ಜಿ ಇದ್ದಾರೆ. ತವರಿನಿಂದ ಏನೇ ಬಂದರೂ ಎಲ್ಲರೆದುರು ಕೂತು ಎಣಿಸುವುದು ಅವರ ಪದ್ಧತಿ. ಎಣಿಸುವುದು ಜೋಡಿ ಲೆಕ್ಕದಲ್ಲಿ. ಮದುವೆಯ ಹೊತ್ತಿಗೆ ನಮ್ಮ ಮನೆಯಿಂದ ಹೋದ ಹೋಳಿಗೆಯಲ್ಲಿ ಕೊನೆಗೆ ಒಂದು ಒಂಟಿ ಉಳಿದಿತ್ತು. "ಒಂದು ಕಡಿಮಿ ಬಂತಲ್ಲ," ಅಂದಿದ್ದರು ಅಜ್ಜಿ, ಅಷ್ಟೇ. ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ ಹತ್ತು ಮಂದಿಯ ಮುಂದೆ ಬಂದ ಮಾತು. ಅತ್ತೆ ಅದನ್ನು ಇಂದಿಗೂ ನುಂಗಿಕೊಂಡಿಲ್ಲ. ಈ ಸಲ ಕುಬಸದ ಬುತ್ತಿ ಕಡಿಮೆ ಬಂತು ಅನ್ನಿಸಿಕೊಂಡರೆ ನಿಡೋಣಿಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಅಂದಿದ್ದರು. ಚೊಚ್ಚಲ ಬಸುರಿಯ ತಾಯಿ ಹಾಗೆ ಅಂದರೆ ನಗುವ ಮಾತಲ್ಲ.

ಬೀಗಿತಿ ಫೋನ್ ಮಾಡಿ, "ಬಾಳ ತರಬ್ಯಾಡ್ರಿ, ನೂರು ರೊಟ್ಟಿ ಆದ್ರ ಸಾಕು," ಅಂದರು. ನಾನು ನೂರು ಬಡಿದೆ. ಅತ್ತೆ ಒಂದು ಕೈ ಕೊಸರು ಹಾಕಿದರು. ಅತ್ತೆ ಸ್ನಾನಕ್ಕೆ ಹೋದಾಗ, ದಾರಿಯಲ್ಲಿ ಒಂದೆರಡು ಮುರಿದರೇನು ಗತಿ ಅಂತ ನಾನೂ ಒಂದು ಕೈ ಸೇರಿಸಿದೆ. ಪಕ್ಕದ ಮನೆಯ ಕಾಕು, "ನಮ್ಮ ಓಣಿ ಹುಡಿಗಿ ಅಲ್ಲೇನು," ಅಂತ ತಾವು ಬಡಿದ ಆರು ತಂದಿಟ್ಟರು. ಗಾಡಿಗೆ ಏರಿಸುವಾಗ ನನ್ನ ಗಂಡ ಯಾರಿಗೂ ಹೇಳದೆ ಖಾನಾವಳಿಗೆ ಎತ್ತಿಟ್ಟಿದ್ದ ಎರಡು ಡಜನ್ನಿನ ಕಟ್ಟನ್ನೂ ಬಿಚ್ಚಿ ಸುರಿದ. ಬುಟ್ಟಿಗೆ ಕಟ್ಟಿದ ಬಟ್ಟೆಯ ಗಂಟು ಕೂಡಲಿಲ್ಲ. ಅತ್ತೆ ಮಾತ್ರ ಇಡೀ ದಾರಿ ಅದರ ಮೇಲೆ ಕೈಯಿಟ್ಟುಕೊಂಡು, "ಸಾಲ್ತಾವಲ್ಲ ಬೇ?" ಅಂತ ಕೇಳುತ್ತಲೇ ಇದ್ದರು.

ನಿಡೋಣಿಯ ಪಡಸಾಲೆಯಲ್ಲಿ ಹಸಿರು ಸೀರೆ ಉಟ್ಟ ನಾದಿನಿಯನ್ನು ಮಣೆಯ ಮೇಲೆ ಕೂಡಿಸಿದ್ದರು. ಅಜ್ಜಿ ಬುಟ್ಟಿ ಎಳೆದುಕೊಂಡರು. "ಲಾಭ, ಎರಡು, ಮೂರು..." ಹನ್ನೊಂದು ಜೋಡಿಗೆ ಬಂದಿದ್ದರು, ಯಾರೋ ಬಂದು ಕಾಲಿಗೆ ಬಿದ್ದರು. ಅಜ್ಜಿ ಆಶೀರ್ವಾದ ಮಾಡಿ, ಎಷ್ಟಕ್ಕಿದ್ದೆ ಅಂತ ಮರೆತು, ಮತ್ತೆ ಲಾಭದಿಂದ ಹಿಡಿದರು. ನಲವತ್ತಕ್ಕೆ ಬಂದಾಗ ಇನ್ನೊಬ್ಬಳು ಬಿದ್ದಳು. ಎಣಿಸುವವರ ಸಂಕಟ ನನಗೆ ಗೊತ್ತು. ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ, "ಕಾಲಿಗೆ ಆಮ್ಯಾಲೆ ಬೀಳ್ರಿ, ಲೆಕ್ಕ ನಡದೈತಿ," ಅಂತ ತಡೆದೆ. ಮೂರನೆಯ ಸಲ ಎಣಿಕೆ ಮುಗಿಯಿತು.

"ಅರವತ್ತೊಂಬತ್ತು ಜೋಡಿ," ಅಂದರು ಅಜ್ಜಿ. ಬುಟ್ಟಿಯ ತಳದಿಂದ ಕೊನೆಯ ರೊಟ್ಟಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇದಕ್ಕ ಜೋಡಿ ಇಲ್ಲಲ್ಲ. ಈ ಸಲಾನೂ ಒಂದು ಕಡಿಮಿ ಬಂತಲ್ಲ ಬೀಗತಿ!"

ನೂರು ಕೇಳಿದಲ್ಲಿ ಮೂವತ್ತೊಂಬತ್ತು ಹೆಚ್ಚು ಬಂದಿವೆ, ಆದರೂ ಒಂದು ಕಡಿಮೆ! ಅತ್ತೆಯ ಮುಖ ಬಿಳುಚಿತು. ಸೆರಗು ಸರಿಮಾಡಿಕೊಂಡು ಹೊಸ್ತಿಲ ಕಡೆ ನೋಡಿದರು. ನಾನು ಮನಸ್ಸಿನಲ್ಲೇ ಕೂಡಿಸಿದೆ. ನೂರು, ಅತ್ತೆಯ ಐದು, ನನ್ನ ಐದು, ಕಾಕುವಿನ ಆರು. ಗಂಡನ ಮುಖ ನೋಡಿದೆ. "ಎರಡು ಡಜನ್," ಅಂತ ಪಿಸುಗುಟ್ಟಿದ. ನೂರಾನಲವತ್ತು ಆಗಬೇಕು. ಹಾಗಾದರೆ ಒಂದು ಎಲ್ಲಿ?

ಆಗ ಬಾಗಿಲ ಸಂದಿಯಿಂದ ಕರುಂ ಅಂತ ಸದ್ದಾಯಿತು.

ಕದ ಸರಿಸಿದೆ. ನನ್ನ ಮಗಳು ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು, ಅರ್ಧ ಬಾಯಲ್ಲಿ ಇಟ್ಟುಕೊಂಡು ಕೂತಿದ್ದಳು.

"ಸಿಕ್ತು! ಜೋಡಿ ಸಿಕ್ತು!" ಅಂತ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮುಂದೆ ನಿಲ್ಲಿಸಿದರು. "ಎಣಸ್ರಿ ಈಗ! ಎಪ್ಪತ್ತು ಜೋಡಿ ಬರೋಬ್ಬರಿ! ನಮ್ಮ ಮನಿಯಿಂದ ಕಡಿಮಿ ಬರೂದ ಇಲ್ಲ. ನಾವು ಕೊಸರ ಇಲ್ಲದ ಏನೂ ಕೊಡೂದ ಇಲ್ಲ!"

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಪಡಸಾಲೆಯೆಲ್ಲ ನಕ್ಕಿತು. ಅತ್ತೆಯಂತೂ ಗೆದ್ದ ಪೈಲ್ವಾನನ ಹಾಗೆ ನಿಂತಿದ್ದರು. ಅಜ್ಜಿ ನನ್ನ ಮಗಳನ್ನು ನಾದಿನಿಯ ಪಕ್ಕದಲ್ಲಿ ಕೂಡಿಸಿದರು. ಮಗಳು ರೊಟ್ಟಿ ನುಂಗಿ, ನಾದಿನಿಯ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಇದ್ರಾಗ ಎಷ್ಟು ಕೂಸದಾವ?"

"ಒಂದ ಐತಿ, ನನ ಬಂಗಾರ," ಅಂದರು ಅಜ್ಜಿ.

ಮಗಳ ಮುಖ ಸಣ್ಣದಾಯಿತು. ಆಯಿಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇಡೀ ಪಡಸಾಲೆಗೆ ಕೇಳುವಂತೆ ಕೇಳಿದಳು:

"ಅವ್ವಾ, ಮತ್ತ ಕೊಸರ ಯಾಕ ಹಾಕಿಲ್ಲ?"