ಸಿಪ್ಪೆ ಸುಲಿದ ಚಕ್ರಗಳು

ಭಾನುವಾರ ಬೆಳಿಗ್ಗೆ, ಗೋವಿಂದರಾಜನಗರದ ಆ ಗಲ್ಲಿ ಇನ್ನೂ ಆಕಳಿಸುತ್ತಿರುವಾಗಲೇ, ವರಲಕ್ಷ್ಮಿ ಬಕೆಟ್ಟು ಮತ್ತು ಹಳೇ ಬನಿಯನ್ನು ಹಿಡಿದು ಅಣ್ಣನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅದ್ದುವುದು, ಹಿಂಡುವುದು, ಉಜ್ಜುವುದು. ಬಾಯಿ ತೆರೆಯದೆ ಮಾಡಬಹುದಾದ ಕೆಲಸವೆಂದರೆ ಅವಳಿಗೆ ಹಬ್ಬವಿದ್ದ ಹಾಗೆ.

ಆದರೆ ಇವತ್ತಿನ ಸೇವೆಗೆ ಕಾರಣವೇ ಅವಳ ಬಾಯಿ. ಸೀರೆಗೆ ಫಾಲ್ ಹೊಲಿಯುವ ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಸ್ಪಂದನಳ ನಿಶ್ಚಿತಾರ್ಥ ಅಂದು ಸಂಜೆ ಕೆಂಗೇರಿಯಲ್ಲಿತ್ತು. ಹೋಗುವುದು ಹೇಗೆ ಎಂದು ಉಳಿದ ಹುಡುಗಿಯರು ಚರ್ಚಿಸುತ್ತಿದ್ದಾಗ, ಹುಟ್ಟಿದಾಗಿನಿಂದ ಜಂಬದ ಮಾತು ಆಡದ ವರಲಕ್ಷ್ಮಿ, ಯಾರೋ ಬೆನ್ನಿಗೆ ಗುದ್ದಿದ ಹಾಗೆ, ತಾನೇ ಕಾರು ಓಡಿಸಿಕೊಂಡು ಎಲ್ಲರನ್ನೂ ಕರೆದೊಯ್ಯುತ್ತೇನೆ ಎಂದುಬಿಟ್ಟಿದ್ದಳು. ಹೊಲಿಗೆ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತವು. ಲೈಸೆನ್ಸ್ ಇದ್ದದ್ದು ನಿಜ. ಕಾರು ಮಾತ್ರ ಅಣ್ಣ ಮಹದೇವನದು. ಸ್ವಂತ ತಾಯಿಯನ್ನೂ ಪೇಪರು ಹಾಸಿ ಕೂರಿಸುವ ಮಹದೇವನದು.

ಅಂಥವನು ಹಿಂದಿನ ದಿನ ಕೇಳಿದ ಕೂಡಲೇ ಒಪ್ಪಿಬಿಟ್ಟಿದ್ದ. ತೊಳೆದಿಟ್ಟಿರು, ಸಂಜೆ ಬಂದು ಕೀ ಕೊಡುತ್ತೇನೆ ಎಂದು ಹೇಳಿ ಇವತ್ತು ಬೆಳಗಾಗುತ್ತಲೇ ಕ್ರಿಕೆಟ್ ಮ್ಯಾಚಿಗೆ ಹೋಗಿದ್ದ. ಯಾಕೆ ಒಪ್ಪಿದ ಎಂದು ಅವಳು ಕೇಳಲಿಲ್ಲ. ಪ್ರಶ್ನೆ ಕೇಳುವ ಅಭ್ಯಾಸವಿದ್ದಿದ್ದರೆ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಡುತ್ತಿರಲಿಲ್ಲ.

ಕೆಸರು ಮೆತ್ತಿ ಬಣ್ಣವೇ ಕಾಣದಿದ್ದ ಮುಂದಿನ ಚಕ್ರ ಉಜ್ಜುತ್ತಿದ್ದಳು. ಕಾರು ಸೆಕೆಂಡ್ ಹ್ಯಾಂಡ್ ಆದರೂ ಅಲಾಯ್ ಚಕ್ರಗಳನ್ನು ಮಹದೇವ ಆಸೆಪಟ್ಟು ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ. ಇದ್ದಕ್ಕಿದ್ದಂತೆ ಈರುಳ್ಳಿಯ ಒಳಸಿಪ್ಪೆಯಂಥ ತೆಳ್ಳನೆಯ ಪದರವೊಂದು ಬನಿಯನ್ನಿಗೆ ಅಂಟಿಕೊಂಡು ಬಂತು. ಅವಳ ಜೀವ ಬಾಯಿಗೆ ಬಂತು. ಎಂಜಲು ಹಚ್ಚಿ ಮತ್ತೆ ಅಂಟಿಸಲು ನೋಡಿದಳು. ಅಂಟಲಿಲ್ಲ. ಸುತ್ತ ನೋಡಿದರೆ ಯಾರೂ ಇರಲಿಲ್ಲ, ಎದುರುಮನೆಯ ಪಟಾಲಮ್ಮ ಒಬ್ಬರನ್ನು ಬಿಟ್ಟು. ಪಟಾಲಮ್ಮ ಕಂಡರೆಂದರೆ ಗಲ್ಲಿಯೇ ಕಂಡ ಲೆಕ್ಕ.

"ಅಯ್ಯೋ ಮಂಕೆ, ಅದು ಕಂಪ್ನಿಯೋರು ಅಂಟ್ಸಿರೋ ಪ್ಲಾಸ್ಟಿಕ್ಕು ಕಣೇ," ಎಂದರು ಪಟಾಲಮ್ಮ ಹತ್ತಿರ ಬಂದು. "ನಮ್ ವಾಷಿಂಗ್ ಮಿಷಿನ್ ಮೇಲೂ ಇತ್ತು, ಮೊನ್ನೆ ತಾನೇ ಕಿತ್ತೆ. ನಿಮ್ಮಣ್ಣ ಕೀಳೋದೇ ಮರ್ತಿದಾನೆ."

ಇರಲಾರದು ಎಂದು ವರಲಕ್ಷ್ಮಿಗೆ ಅನ್ನಿಸಿತು. ಆದರೆ ಅನ್ನಿಸಿದ್ದು ಅವಳ ಗಂಟಲು ದಾಟಿ ಹೊರಗೆ ಬರುವುದಕ್ಕೆ ಸಾಕಷ್ಟು ಸಮಯ ಬೇಕಿತ್ತು. ಅಷ್ಟರಲ್ಲಿ ಪಟಾಲಮ್ಮ ಉಗುರು ತೂರಿಸಿ ಅಂಗೈಯಗಲ ಸುಲಿದಾಗಿತ್ತು.

ಸುಲಿಯುವುದರಲ್ಲಿ ಒಂದು ಸುಖವಿದೆ. ಹಾಲು ತರಲು ಹೊರಟವರು, ಸೊಪ್ಪು ಕೊಳ್ಳಲು ಬಂದವರು, ಒಬ್ಬೊಬ್ಬರಾಗಿ ನಾಲ್ಕೂ ಚಕ್ರಗಳ ಸುತ್ತ ಕೂತರು. ಅವರೆಕಾಳು ಹಿಸುಕುವ ಕಾಲದಲ್ಲೂ ಅಷ್ಟು ಜನ ಸೇರಿದ್ದಿಲ್ಲ. ಸುಳ್ಳು ಯಾಕೆ ಹೇಳಬೇಕು, ಎಲ್ಲರಿಗಿಂತ ಉದ್ದನೆಯ ಸಿಪ್ಪೆ ಎಬ್ಬಿಸಿದ್ದು ವರಲಕ್ಷ್ಮಿಯೇ. ಅದನ್ನು ಬಿಸಿಲಿಗೆ ಹಿಡಿದು ನೋಡಿ ನಕ್ಕಳು ಕೂಡ.

ಆಗ ಮಹಡಿ ಮನೆಯ ವೆಂಕಟರಮಣಪ್ಪ ಇಳಿದು ಬಂದರು. ಅವರು ರಿಟೈರ್ ಆದ ಮೇಲೆ ಬೇರೆಯವರ ಕೆಲಸವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಕನ್ನಡಕ ಏರಿಸಿ ಬಗ್ಗಿ ನೋಡಿ ಹೇಳಿದರು: "ಇದು ಪ್ಲಾಸ್ಟಿಕ್ ಅಲ್ಲಮ್ಮ. ಬಣ್ಣದ ಮೇಲೆ ಹೊಡೀತಾರಲ್ಲ, ಕ್ಲಿಯರ್ ಕೋಟು, ಅದು. ಚಕ್ರದ ಮಾನ ಮುಚ್ಚೋದೇ ಇದು."

ಒಬ್ಬರಿಗೆ ಒಲೆಯ ಮೇಲಿನ ಸಾರು ನೆನಪಾಯಿತು, ಇನ್ನೊಬ್ಬರಿಗೆ ನಲ್ಲಿ ನೀರು. ನೋಡನೋಡುತ್ತಲೇ ಗಲ್ಲಿ ಖಾಲಿಯಾಯಿತು. ಮಂಡಿ ಹಿಡಿದುಕೊಂಡಿದ್ದರಿಂದ ಪಟಾಲಮ್ಮನಿಗೆ ಮಾತ್ರ ಓಡಲಾಗಲಿಲ್ಲ. ನಾಲ್ಕು ಚಕ್ರಗಳೂ ಅರ್ಧಂಬರ್ಧ ಸುಲಿದ ಆಲೂಗಡ್ಡೆಯ ಹಾಗೆ ಕಾಣುತ್ತಿದ್ದವು. ಇದನ್ನು ನೋಡಿದ ಮೇಲೆ ಅಣ್ಣ ಕೀ ಕೊಡುವುದಿರಲಿ, ಮನೆಯೊಳಗೆ ಸೇರಿಸುತ್ತಾನೋ ಇಲ್ಲವೋ. ಅಂಗಡಿಯ ಹುಡುಗಿಯರು ವರ್ಷವಿಡೀ ಆಡಿಕೊಳ್ಳುತ್ತಾರೆ. ವರಲಕ್ಷ್ಮಿಯ ಕಣ್ಣು ತುಂಬಿತು.

"ಅಳ್ಬೇಡ ಸುಮ್ನಿರು," ಎಂದರು ಪಟಾಲಮ್ಮ. "ದೇವ್ರ ಪಾತ್ರೆಗಿಂತ ಇದೇನು ಹೆಚ್ಚಾ?"

ಹುಣಸೆಹಣ್ಣು ಬಂತು, ಪಾತ್ರೆ ತಿಕ್ಕುವ ಸಬೀನದ ಪುಡಿ ಬಂತು. ವೆಂಕಟರಮಣಪ್ಪ ಉಪ್ಪುಕಾಗದ ಕೊಟ್ಟು, ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಉಜ್ಜುವುದು ಹೇಗೆಂದು ಪಾಠ ಮಾಡಿದರು. ಮಿಕ್ಕ ಸಿಪ್ಪೆಯನ್ನೆಲ್ಲ ಕೆರೆದು, ವರಲಕ್ಷ್ಮಿ ಊಟವನ್ನೂ ಬಿಟ್ಟು ಉಜ್ಜಿದಳು. ಭುಜ ಯಾರದೋ ಅನ್ನಿಸುವವರೆಗೆ ಉಜ್ಜಿದಳು. ಬಿಸಿಲು ಇಳಿಯುವ ಹೊತ್ತಿಗೆ ಚಕ್ರಗಳು ಬೆಳ್ಳಿ ತಟ್ಟೆಯಂತೆ ಹೊಳೆದವು. ಹಣೆಗೆಲ್ಲ ಹುಣಸೆ ಮೆತ್ತಿಕೊಂಡಿದ್ದ ಒಂದು ಪೆದ್ದು ಮುಖ ಅವುಗಳಲ್ಲಿ ಕಂಡಿತು. ತನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಟಾಲಮ್ಮ ಕೈ ಅಭ್ಯಾಸಕ್ಕೆ ನಾಲ್ಕಕ್ಕೂ ಕುಂಕುಮ ಇಟ್ಟರು.

ಮಹದೇವ ಬೈಕಿನಿಂದ ಇಳಿದವನೇ ಚಕ್ರದ ಮುಂದೆ ಮಂಡಿಯೂರಿದ. ಒಂದೊಂದಾಗಿ ನಾಲ್ಕನ್ನೂ ಬೆರಳಿನಿಂದ ಸವರಿ ನೋಡಿದ.

"ಯಾರು ಮಾಡಿದ್ದು ಇದು?"

ಪಟಾಲಮ್ಮ ವೆಂಕಟರಮಣಪ್ಪನವರತ್ತ ಬೆರಳು ತೋರಿಸಿದರು, ಅವರು ಪಟಾಲಮ್ಮನತ್ತ. ಆಮೇಲೆ ಇಬ್ಬರ ಬೆರಳೂ ವರಲಕ್ಷ್ಮಿಯತ್ತ ತಿರುಗಿದವು.

"ಶೋರೂಮಲ್ಲೂ ಹಿಂಗ್ ಬರಲ್ಲ," ಎಂದ ಮಹದೇವ. ಎರಡೂ ಬೆರಳುಗಳು ತಂತಮ್ಮ ಎದೆಗೆ ವಾಪಸು ಬಂದವು.

ವರಲಕ್ಷ್ಮಿಗೆ ಹೋದ ಉಸಿರು ಬಂತು. ಒಳಗೆ ಓಡಿ ರೇಷ್ಮೆ ಸೀರೆ ಸುತ್ತಿಕೊಂಡು ಬಂದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಿಜಯನಗರದ ಬಸ್ ಸ್ಟಾಪಿನಲ್ಲಿ ಹುಡುಗಿಯರು ಮಲ್ಲಿಗೆ ಮುಡಿದು ನಿಂತಿದ್ದರಂತೆ, ಕಾರು ಎಲ್ಲಿ ಎಂದು ಕೇಳುತ್ತಿದ್ದರು. ಬಂದೆ ಎಂದು ಹೇಳಿ ಅಣ್ಣನ ಮುಂದೆ ಕೈ ಚಾಚಿದಳು.

ಮಹದೇವ ಆ ಕೈಯನ್ನು ನೋಡಿದ, ಚಕ್ರವನ್ನು ನೋಡಿದ.

"ನೋಡು ವರ, ಸಿಪ್ಪೆ ಎದ್ದು ಮೊದ್ಲೇ ದರಿದ್ರ ಆಗೋಗಿತ್ತು ಇದು. ಎಲ್ಲಾದ್ರೂ ಫುಟ್‌ಪಾತಿಗೆ ತಗಲ್ಸಿದ್ರೂ ಹೋಗ್ಲಿ ಅಂತಾನೇ ನಿಂಗೆ ಕೊಡ್ತೀನಿ ಅಂದಿದ್ದು. ಈಗ ಹೆಂಗೆ ಕೊಡ್ಲಿ ಹೇಳು."

ಮೈಸೂರು ರಸ್ತೆಯ ಧೂಳಿಗೆ ಇಂಥ ಚಕ್ರ ಇಳಿಸುವುದು ಮಹಾ ತಪ್ಪು ಎಂದರು ವೆಂಕಟರಮಣಪ್ಪ. ತಾನು ಇಷ್ಟೆಲ್ಲ ಕಷ್ಟಪಟ್ಟಿದ್ದು ಕೆಂಗೇರಿ ಗುಂಡಿಗಾ ಎಂದು ಪಟಾಲಮ್ಮನೂ ಕೇಳಿದರು. ಮೂವರೂ ಸೇರಿ, ಮೂರು ಕಡೆಯಿಂದ ಎಳೆದು, ಕಾರಿಗೆ ಕವರು ಹೊದಿಸತೊಡಗಿದರು. ವರಲಕ್ಷ್ಮಿಯ ಕೈಯಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು.

"ಬಸ್ ಸ್ಟಾಪ್ ತನಕ ಬೈಕಲ್ಲಾದ್ರೂ ಬಿಡಣ್ಣ," ಎಂದಳು.

ಅವರು ಕವರಿನ ದಾರ ಬಿಗಿಯುತ್ತಿದ್ದರು. ಅವಳು ಸ್ವಲ್ಪ ದನಿ ಏರಿಸಿದಳು.

"ಅಣ್ಣ, ಬಸ್ ಸ್ಟಾಪ್ ತನಕ."