ಗೋಡೆ ಮೇಲಿನ ಅರ್ಧ ರೊಟ್ಟಿ

ಕೆಲವರಿಗೆ ನೆಗಡಿ ಹೇಗೆ ಕರೆಯದೇ ಬರುತ್ತದೋ, ನನಗೆ ಮರ್ಯಾದೆ ಹೋಗುವ ಪ್ರಸಂಗಗಳು ಹಾಗೆ ಬರುತ್ತವೆ. ಶಹಾಪುರದಲ್ಲಿ ಮನೆ ಮಾಡಿಕೊಂಡು, ಪಕ್ಕದ ಹಳ್ಳಿಯ ಶಾಲೆಯಲ್ಲಿ ಬಹಳ ವರ್ಷ ಮಾಸ್ತರಿಕೆ ಮಾಡಿದೆ. "ನಾಚಿಕೆ ಆಗೋದಿಲ್ಲೇನು?" ಎಂದು ಮಕ್ಕಳನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಅದೇ ಪ್ರಶ್ನೆ ನನಗೆ ಕಾದಿರುತ್ತಿತ್ತು. ಅಂಥವುಗಳಲ್ಲಿ ಕೆಲವನ್ನು ಹೇಳುತ್ತೇನೆ. ಹೆಚ್ಚಿನವಕ್ಕೆ ರೊಟ್ಟಿಯೇ ಕಾರಣವಾದದ್ದು ನನ್ನ ಹಣೆಬರಹ.

ಅರಿವೆ ಒಗೆಯುವ ಸದ್ದು

ನಮ್ಮ ಕಡೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ದೌಲತ್ತು ಬಂತು. ಜೋಳ ತಿಂದು ಬೆಳೆದವರೆಲ್ಲ ಮನೆಗೆ ಯಾರಾದರೂ ಬಂದರೆ ಅನ್ನ ಬಡಿಸತೊಡಗಿದೆವು. ರೊಟ್ಟಿ ಹಾಕಿದರೆ ಬಡತನ ತೋರಿಸಿಕೊಂಡಂತೆ ಎಂದು ನನಗೂ ಅನ್ನಿಸಿಬಿಟ್ಟಿತ್ತು. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಸಾಹೇಬರನ್ನು ಮನೆಗೆ ಊಟಕ್ಕೆ ಕರೆದೆ. ಬರೀ ಅನ್ನ, ಸಾರು ಮಾಡು ಎಂದು ಹೆಂಡತಿಗೆ ಹೇಳಿಕಳಿಸಿದ್ದೆ. ಆಕೆ ನನ್ನ ಮಾತನ್ನು ಯಾವತ್ತು ಪೂರ್ತಿ ಕೇಳಿದ್ದಾಳೆ? ಸಾಹೇಬರು ಕೈ ತೊಳೆದು ಕೂತರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಟಪ್ ಟಪ್ ಎಂದು ಶುರುವಾಯಿತು.

"ಏನ್ರಿ ಅದು ಸಪ್ಪಳ?" ಎಂದರು ಸಾಹೇಬರು.

"ಹಿತ್ತಲದಾಗ ಅರಿಬಿ ಒಗ್ಯಾಕತ್ತಾಳ್ರಿ," ಎಂದೆ.

ಸಾಹೇಬರು ಎದುರಿಗಿದ್ದ ಅನ್ನವನ್ನು ಬೇಸರದಿಂದ ನೋಡಿದರು. ತಾಲೂಕು ಸುತ್ತುತ್ತ, ಹೋದಲ್ಲೆಲ್ಲ ಅನ್ನ ತಿಂದು ಅವರ ಹೊಟ್ಟೆ ಕೆಟ್ಟಿತ್ತಂತೆ. ಮೂಗನ್ನು ಸ್ವಲ್ಪ ಮೇಲಕ್ಕೆತ್ತಿ ವಾಸನೆ ಹಿಡಿದರು.

"ಮಾಸ್ತರ, ಒಗದಿದ್ದು ಆಗಿದ್ರ ಅದರಾಗ ಎರಡು ಅರಿಬಿ ಬಿಸಿಬಿಸಿದು ಈ ಕಡಿ ಕಳಸ್ರಿ. ಪಲ್ಯಾನೂ ಇದ್ರ ಹಚ್ಚಿ ಕಳಸ್ರಿ."

ಡಾಕ್ಟರ ಚೀಟಿ

ಹೀಗೆ ದೌಲತ್ತಿನ ಅನ್ನ ತಿಂದು ತಿಂದು ನನಗೆ ಸಕ್ಕರೆ ಕಾಯಿಲೆ ಬಂತು. ಯಾದಗಿರಿಯ ಡಾಕ್ಟರು ಚೀಟಿಯಲ್ಲಿ ಗುಳಿಗೆ ಬರೆದು, ಅದರ ಕೆಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯೆ ಸೊಪ್ಪು ಎಂದೂ ಬರೆದರು. ನಾನು ಅದನ್ನು ಹೊಸದೇನೋ ಕಂಡುಹಿಡಿದವನ ಹಾಗೆ ಹೆಂಡತಿಗೆ ಓದಿ ಹೇಳಿದೆ. ಅಷ್ಟು ಹೊತ್ತಿಗೆ ಆಕೆಯ ಬಲಭುಜ ಹಿಡಿದುಕೊಂಡು, ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ.

"ಕೈ ಗಟ್ಟಿ ಇದ್ದಾಗ ಮಾಡಿ ಹಾಕಿದ್ರ ಬಡವರ ಊಟ ಅಂದ್ರಿ," ಎಂದಳು. "ಈಗ ಬಸ್ ಹತ್ತಿ ಯಾದಗಿರಿಗೆ ಹೋಗಿ ಕಾಗದದಾಗ ಬರಿಸ್ಕೊಂಡು ಬಂದೀರಿ. ತರ್ರಿ, ಆ ಕಾಗದಾನೇ ಹಂಚಿನ ಮ್ಯಾಲ ಹಾಕತೀನಿ. ಎರಡೂ ಕಡಿ ಬೇಯಿಸ್ಲೋ, ಒಂದಾ ಕಡಿ ಸಾಕೋ?"

ಮೂರನೆಯ ಕೊಡ

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಳೆಯ ಸೈನಿಕರಿದ್ದರು. ಬಾಂಗ್ಲಾ ಯುದ್ಧಕ್ಕೆ ಹೋಗಿ ಬಂದವರು. ಓಣಿಯವರೆಲ್ಲ ಮಿಲಿಟರಿ ಕಾಕಾ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ತಾವೇ ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದರು. ಬೆಳಕು ಹರಿಯುತ್ತಲೇ ಕಾಲುವೆ ದಂಡೆ ಹಿಡಿದು ನಡೆಯಲು ಹೋದರೆ, ನಾನು ಶಾಲೆಗೆ ಹೋದ ಮೇಲೆಯೇ ತಿರುಗಿ ಬರುತ್ತಿದ್ದರು. ಮಾತು ಬಹಳ ಕಡಿಮೆ.

ಒಮ್ಮೆ ನಮ್ಮ ನಳ ಕೆಟ್ಟಿತು. ಕಾಕಾ ತಮ್ಮ ಬಾವಿಯಿಂದ ನೀರು ಸೇದಿ ಕೊಡತೊಡಗಿದರು. ಯಾರು ಏನು ಉಪಕಾರ ಮಾಡಿದರೂ ಬಾಯಿಬಿಟ್ಟು ಧನ್ಯವಾದ ಹೇಳಬೇಕು ಎಂದು ಆಗತಾನೇ ಯಾವುದೋ ತರಬೇತಿಯಲ್ಲಿ ಕಲಿತು ಬಂದಿದ್ದೆ. ಮೊದಲ ಕೊಡಕ್ಕೆ ಒಂದು ಧನ್ಯವಾದ ಹೇಳಿದೆ. ಎರಡನೆಯದಕ್ಕೆ ಹೃತ್ಪೂರ್ವಕ ಧನ್ಯವಾದ ಹೇಳಿದೆ. ಕಾಕಾ ಹಗ್ಗ ಹಿಡಿದು ಹಾಗೇ ನಿಂತರು.

"ಮಾಸ್ತರ, ಅದು ಹೊರಗಿನವರಿಗೆ ಹೇಳೋ ಮಾತು. ಇನ್ನೊಂದು ಸಲ ಅಂದ್ರ ಎರಡೂ ಕೊಡ ತಿರುಗಿ ಬಾವ್ಯಾಗ ಸುರಿತೀನಿ."

ನನಗೆ ಮೂರನೆಯ ಕೊಡವೂ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡೆ.

ತಾಟು

ನನ್ನ ಸಕ್ಕರೆ, ಹೆಂಡತಿಯ ಭುಜ, ಎರಡರ ಕಥೆಯನ್ನೂ ಒಂದು ಸಂಜೆ ಕಾಕಾನ ಮುಂದೆ ಹೇಳಿಕೊಂಡೆ. ಅವರು "ಹೂಂ" ಎಂದರು, ಅಷ್ಟೇ. ಮೂರು ದಿನ ಬಿಟ್ಟು, ಮುಂಜಾನೆ ಎದ್ದು ನೋಡಿದರೆ ಎರಡೂ ಮನೆಗಳ ನಡುವಿನ ಗೋಡೆಯ ಮೇಲೆ ಒಂದು ಸ್ಟೀಲ್ ತಾಟು. ಅದರಲ್ಲಿ ಅರ್ಧ ಜೋಳದ ರೊಟ್ಟಿ, ಪಕ್ಕದಲ್ಲಿ ಚೂರು ಪುಂಡಿಪಲ್ಯ. ಕಾಕಾ ಆಗಲೇ ನಡೆಯಲು ಹೋಗಿದ್ದರು.

ನನ್ನ ಕಣ್ಣು ತುಂಬಿ ಬಂತು. ಅರ್ಧವೇ ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ, ಮಿಲಿಟರಿಯವರಲ್ಲವೇ, ಸಕ್ಕರೆ ಕಾಯಿಲೆಗೆ ತಕ್ಕ ಅಳತೆ ಗೊತ್ತಿರುತ್ತದೆ ಎಂದುಕೊಂಡೆ. ಧನ್ಯವಾದ ಹೇಳುವ ಹಾಗಿಲ್ಲ. ಆದರೆ ಕೊಟ್ಟವರ ಪಾತ್ರೆಯನ್ನು ಖಾಲಿ ತಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ತಿಂದು, ತಾಟು ತೊಳೆದು, ಒಂದು ಹಿಡಿ ಶೇಂಗಾ, ಒಂದು ತುಣುಕು ಬೆಲ್ಲ ಹಾಕಿ ಅಲ್ಲೇ ಇಟ್ಟು ಶಾಲೆಗೆ ಹೋದೆ.

ಮರುದಿನವೂ ತಾಟು ಬಂತು. ಹೀಗೇ ಒಂದು ವರ್ಷ ನಡೆಯಿತು. ನಾನು ದಿನಾ ಬೇಗ ಎದ್ದು, ಗೋಡೆಯ ಮೇಲಿನ ಕಾಗೆಗಳನ್ನು ಓಡಿಸಿ ತಾಟು ಒಳಗೆ ತರುತ್ತಿದ್ದೆ. ಪೇರಲ, ಬಾಳೆಹಣ್ಣು, ದೀಪಾವಳಿಗೆ ಕರ್ಚಿಕಾಯಿ, ಏನಾದರೊಂದು ಹಾಕಿ ಇಡುತ್ತಿದ್ದೆ. ಸಕ್ಕರೆ ಇಳಿಯಿತು. ಇಳಿದಂತೆಲ್ಲ ನನ್ನ ನಾಲಿಗೆ ಬೆಳೆಯಿತು. ಪಲ್ಯಕ್ಕೆ ಒಗ್ಗರಣೆ ಸಾಲದು, ರೊಟ್ಟಿ ದಪ್ಪ, ಉಪ್ಪು ಹೆಚ್ಚು ಎಂದು ಹೆಂಡತಿಯ ಮುಂದೆ ಗೊಣಗತೊಡಗಿದೆ.

"ಒಂದು ದಿನ ಅವರ ಎದುರಿಗೇ ನಿಂತು ಮಾತಾಡ್ರಿ," ಎಂದಳು ಆಕೆ.

"ಮಾತಾಡಿದ್ರ ಕೊಡೋದು ನಿಲ್ಲಿಸ್ತಾರ," ಎಂದೆ.

"ಹಂಗಾದ್ರ ಉಪ್ಪು ಹೆಚ್ಚಾದ ದಿನ ಎರಡು ಕಾಳು ಶೇಂಗಾ ಕಡಿಮಿ ಇಡ್ರಿ. ಮಿಲಿಟರಿಯವರು, ತಿಳ್ಕೋತಾರ."

ಒಂದೆರಡು ದಿನ ನಾನು ಹಾಗೆ ಮಾಡಿಯೂ ಇದ್ದೆ ಎಂದು ಹೇಳಲು ಈಗಲೂ ಮುಖ ಕೆಳಗಾಗುತ್ತದೆ.

ವಂದನಾರ್ಪಣೆ

ಆ ಸಲದ ಆಗಸ್ಟ್ ಹದಿನೈದಕ್ಕೆ ಯುದ್ಧದಲ್ಲಿ ಮಡಿದವರ ಸ್ಮರಣೆ ಮಾಡೋಣವೆಂದು ಶಾಲೆಯಲ್ಲಿ ಮಾತಾಯಿತು. ಕಾಕಾನನ್ನು ನಾನೇ ಒಪ್ಪಿಸಿದೆ. ಕೆಚ್ಚೆದೆ, ರಣಾಂಗಣ, ವೀರಮರಣ ಎಲ್ಲ ಸೇರಿಸಿ ಎರಡು ಪುಟ ಭಾಷಣವನ್ನೂ ಬರೆದುಕೊಟ್ಟೆ. ಅವರು ಮೈಕಿನ ಮುಂದೆ ನಿಂತು, ನನ್ನ ಎರಡೂ ಪುಟ ಮಡಚಿ ಜೇಬಿಗೆ ಹಾಕಿಕೊಂಡರು.

"ನನ್ನ ಜೋಡಿ ಸುರಪುರದ ಕಡೆಯಾಂವ ಒಬ್ಬ ಇದ್ದ," ಎಂದರು. "ಒಂದು ಮುಂಜಾನಿ ಇಬ್ಬರ ನಡುವ ಒಂದಾ ರೊಟ್ಟಿ ಇತ್ತು. ಮುರಕೊಂಡ್ವಿ. ನಾ ನನ್ನ ಅರ್ಧ ತಿಂದೆ. ಅಂವ ತನ್ನ ಅರ್ಧ ನನ್ನ ಕೈಯಾಗ ಕೊಟ್ಟು, ಇಟ್ಟಿರು, ಬಂದು ತಿಂತೀನಿ ಅಂದು ಹೋದ. ಬರಲಿಲ್ಲ."

ಅರ್ಧ ಎಂಬ ಮಾತು ಕೇಳಿ ನಾನು ತಲೆ ಎತ್ತಿದೆ.

"ಊರಿಗೆ ಬಂದಾಗಿಂದ ದಿನಾ ಅವನ ಅರ್ಧ ಮಾಳಗಿ ಮ್ಯಾಲ ಇಡತಿದ್ದೆ. ಒಮ್ಮೆ ಕಾಗಿ ಮುಟ್ಟತಿದ್ವು, ಒಮ್ಮೆ ಇಲ್ಲ. ಹೋದ ವರ್ಷ ಮೊಣಕಾಲು ಹಿಡದು ನಿಚ್ಚಣಿಕಿ ಹತ್ತಾಕ ಆಗಲಿಲ್ಲ. ನಡುವಿನ ಗ್ವಾಡಿ ಮ್ಯಾಲ ಇಟ್ಟೆ. ಅವತ್ತಿಂದ ಒಂದು ತುಣುಕೂ ಉಳದಿಲ್ಲ. ಮೊದಲನೇ ದಿನಾನೇ ತಾಟಿನಾಗ ಶೇಂಗಾ ಬೆಲ್ಲ ಇತ್ತು. ಶೇಂಗಾ ಬೆಲ್ಲ ಅಂದ್ರ ಅವಂಗ ಜೀವ. ನಾ ದೇವರನ್ನ ನಂಬಿದಾಂವ ಅಲ್ಲ. ಈಗ ನಂಬೀನಿ."

ಪಕ್ಕದಲ್ಲಿ ಹೆಡ್ಮಾಸ್ತರು ಕಣ್ಣೊರೆಸಿಕೊಂಡರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

"ಒಂದಾ ಮಾತು ತಿಳಿವಲ್ದು," ಎಂದು ಕಾಕಾ ಮುಂದುವರಿಸಿದರು. "ತಾಟು ತೊಳದು ಇಡತಾನ. ಬದುಕಿದ್ದಾಗ ಒಂದು ದಿನಾನೂ ತೊಳದಾಂವಲ್ಲ."

ಕಾರ್ಯಕ್ರಮದ ವಂದನಾರ್ಪಣೆ ನನ್ನದಿತ್ತು. ಎದ್ದು ಮೈಕು ಹಿಡಿದೆ. ಒಂದು ಶಬ್ದವೂ ಹೊರಡದೆ ತಿರುಗಿ ಬಂದು ಕೂತೆ. ಮಾಸ್ತರ ಮನಸ್ಸು ಎಷ್ಟು ಮೆತ್ತಗೆ ಎಂದು ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಎರಡು ತಾಟು

ಮರುದಿನ ಮುಂಜಾನೆ ಗೋಡೆಯ ಮುಂದೆ ನಿಂತೆ. ತಿಂದರೆ ಸತ್ತವನ ಪಾಲು ತಿಂದಂತೆ. ತಿನ್ನದೆ, ತಾಟು ತೊಳೆದಿಡದೆ ಬಿಟ್ಟರೆ, ಗೆಳೆಯ ಬರುವುದನ್ನು ಬಿಟ್ಟನೆಂದು ಕಾಕಾ ನೊಂದುಕೊಳ್ಳುತ್ತಾರೆ. ನಿಜ ಹೇಳಿದರೆ, ಈ ವಯಸ್ಸಿನಲ್ಲಿ ಅವರಿಗೆ ಹುಟ್ಟಿದ ಒಂದೇ ಒಂದು ನಂಬಿಕೆ ಹೋಗುತ್ತದೆ. "ಎಷ್ಟು ದಿನ ದೆವ್ವ ಆಗಿ ಇರತೀರಿ? ಹೋಗಿ ಹೇಳಿ ಬರ್ರಿ," ಎಂದಳು ಹೆಂಡತಿ. ಮುಟ್ಟದೇ ಶಾಲೆಗೆ ಹೋದೆ, ಸಂಜೆ ಅವರ ಮನೆಗೆ ಹೋದೆ.

ಕಾಕಾ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕಾಗೆ ಓಡಿಸಿದ್ದನ್ನೂ ಹೇಳಿದೆ. ಅವರ ಕೈ ಜೋಳದಲ್ಲೇ ನಿಂತಿತು.

"ಅಂದ್ರ ಒಂದು ವರ್ಷದಿಂದ ಅವಂಗ ಉಪಾಸ," ಎಂದರು.

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. "ತಪ್ಪಾತ್ರಿ ಕಾಕಾ," ಎಂದೆ.

"ಸಕ್ಕರಿ ಹ್ಯಾಂಗದ ಈಗ?"

"ಇಳದದ್ರಿ."

"ಶೇಂಗಾ ಬೆಲ್ಲ ನೀವಾ ಇಟ್ಟದ್ದು?"

"ಹೌದ್ರಿ."

"ಅವಂಗ ಅದು ಸೇರತದಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮತ್ತೆ ಜೋಳದಲ್ಲಿ ಕೈಯಾಡಿಸತೊಡಗಿದರು.

"ನಾಳಿಂದ ಎರಡು ತಾಟು ಇಡತೀನಿ. ಎಡಕ್ಕಿಂದು ಅವಂದು, ಬಲಕ್ಕಿಂದು ನಿಮ್ಮದು. ಚಶ್ಮಾ ಹಾಕ್ಕೊಂಡು ಬರ್ರಿ."

ಮುಂಜಾನೆ ನೋಡಿದರೆ ಎರಡು ತಾಟು ಇದ್ದವು. ಎಡಗಡೆಯದರಲ್ಲಿ ಅರ್ಧ ರೊಟ್ಟಿ. ಬಲಗಡೆಯದರಲ್ಲಿ ನನಗೆಂದು ಇಡೀ ರೊಟ್ಟಿ, ಮೇಲೆ ಮೆಂತ್ಯೆ ಪಲ್ಯ. ತೆಗೆದುಕೊಳ್ಳಲು ನಾಚಿಕೆಯಾಗಿ ನಾನು ಅಲ್ಲೇ ನಿಂತೆ. ಅಷ್ಟರಲ್ಲಿ ಒಂದು ಕಾಗೆ ಬಂದು ಎಡಗಡೆಯ ಅರ್ಧವನ್ನು ಮುಗಿಸಿತು. ಆಮೇಲೆ ಬಲಗಡೆಗೆ ಜಿಗಿದು, ನನ್ನ ಕಣ್ಣೆದುರಿಗೇ ನನ್ನ ರೊಟ್ಟಿಯನ್ನು ಎತ್ತಿಕೊಂಡು ಬೇವಿನ ಗಿಡಕ್ಕೆ ಹಾರಿತು. ಓಡಿಸಲು ನನಗೆ ಕೈ ಏಳಲಿಲ್ಲ.

ಕಾಕಾ ಅವತ್ತು ನಡೆಯಲು ಹೋಗಿರಲಿಲ್ಲ. ತಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

"ಅವಂಗ ಬೈಬ್ಯಾಡ್ರಿ ಮಾಸ್ತರ," ಎಂದರು. "ವರ್ಷದ ಹಸಿವಿ ಅದ. ನೀವು ಒಳಗ ಬರ್ರಿ, ಹಂಚು ಇನ್ನಾ ಬಿಸಿ ಅದ."